ಬೀಗರ ವಲ್ಲಿಯೂ ಕಡಲಿನ ಪಾಚಿಯೂ

ಸುರಪುರದ ನಮ್ಮ ಅಂಗಳದ ನೀರಿನ ತೊಟ್ಟಿಯೊಳಗೆ ಇಳಿದು, ತೆಂಗಿನ ನಾರಿನಿಂದ ಪಾಚಿ ತಿಕ್ಕುತ್ತಿದ್ದೆ. ಮಂಗಳೂರಿನಲ್ಲಿ ಓದುತ್ತಿರುವ ಮಗಳ ಫೋನ್ ಬಂತು. ಸಮುದ್ರದ ಪಾಚಿ ನೋಡಲು ಹೋಗುವ ಹಡಗಿನಲ್ಲಿ ಅವಳಿಗೂ ಜಾಗ ಸಿಕ್ಕಿದೆಯಂತೆ.

"ಪಾಚಿ ನೋಡಾಕ ಹಡಗ ಯಾಕ ಬೇಕ ಯವ್ವ? ನಮ್ಮ ತೊಟ್ಟ್ಯಾಗ ಇಳದ್ರ ಸಾಕು" ಎಂದೆ. ಮೀನಿನ ವಾಸನೆ ಬಂದರೆ ಮೂಗಿಗೆ ಸೆರಗು ಹಿಡಿಯುವ ಮನೆತನ ನಮ್ಮದು. ಮಗಳು ಮೀನಿನ ಮೇವು ಹುಡುಕಲು ಹೊರಟಿದ್ದಳು.

"ಶ್ರಾವಣದಾಗ ಹೋಗೋದೈತಿ" ಎಂದಾಗ ನನ್ನ ನಗು ನಿಂತಿತು. ಅದೇ ಶ್ರಾವಣದಲ್ಲಿ ಅವಳ ನಿಶ್ಚಯ. ದೋರನಹಳ್ಳಿಯ ಬೀಗರಿಗೆ ಮಾತು ಕೊಟ್ಟಾಗಿತ್ತು. ಅವಳು ಹುಡುಗನನ್ನೂ ಒಪ್ಪಿದ್ದಳು, ಹಡಗನ್ನೂ ಒಪ್ಪಿದ್ದಳು. ಎರಡರಲ್ಲಿ ಒಂದು ಕೈಬಿಟ್ಟು ಹೋಗುತ್ತದೆಂದು ನನಗೆ ಹೆದರಿಕೆ.

"ದೀಪಾವಳಿ ಆದ ಮ್ಯಾಲ ಹೋಗು."

"ಅವ್ವ, ಗಾಳಿ ನಿಂತ್ರ ನೋಡಾಕ ಏನೂ ಉಳಿಯಂಗಿಲ್ಲ."

ಮಳೆಗಾಲದಲ್ಲಿ ದಂಡೆಯ ಉದ್ದಕ್ಕೂ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದಂತೆ. ಭೂಮಿ ತಿರುಗುವುದರಿಂದ ಮೇಲಿನ ನೀರು ಗಾಳಿಯ ಜೊತೆ ನೇರ ಹೋಗದೆ ಬಲಕ್ಕೆ, ನಡುಗಡಲಿನ ಕಡೆಗೆ ಸರಿಯುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ತನ್ನ ಗೊಬ್ಬರ ಹೊತ್ತು ಮೇಲೆ ಬರುತ್ತದೆ. ಬಿಸಿಲು ತಾಗಿದರೆ, ಒಂದೊಂದಾಗಿ ಕಣ್ಣಿಗೆ ಕಾಣದ ಪಾಚಿ ಹರದಾರಿಗಟ್ಟಲೆ ಹಸಿರಾಗುತ್ತದೆ. ಕಡಲ ಪ್ರವಾಹ ಅದನ್ನು ದಕ್ಷಿಣಕ್ಕೆ ಎಳೆದೊಯ್ಯುತ್ತದೆ, ಮೀನುಗಳು ಬೆನ್ನು ಹತ್ತುತ್ತವೆ. ನೇರ ಹೋಗೆಂದರೆ ಬಲಕ್ಕೆ ಸರಿಯುವುದು ನನಗೆ ಹೊಸದೇನಲ್ಲ. ನಮ್ಮ ಯಜಮಾನರನ್ನು ಕಾಯಿಪಲ್ಲೆಗೆಂದು ಬಜಾರಕ್ಕೆ ಕಳಿಸಿದರೆ ಬಲಗಡೆಯ ಚಹಾದಂಗಡಿಗೇ ಸರಿಯುತ್ತಾರೆ.

ಬೀಗರನ್ನು ಮನೆಗೆ ಕರೆಸಿದೆವು. "ನೀನ ಹೇಳು, ನನಗ ಸಮುದ್ರ ಗೊತ್ತಿಲ್ಲ" ಎಂದರು ಯಜಮಾನರು, ನಾನೇನೋ ಸಮುದ್ರದಲ್ಲಿ ಹುಟ್ಟಿದವಳ ಹಾಗೆ. ಪೂಜೆ ಮುಗಿಸಿ, ಹಣೆಗೆ ವಿಭೂತಿ ಎಳೆದುಕೊಂಡು, ಏಲಕ್ಕಿ ಹಾಕಿದ ಹಾಲು ಹಿಡಿದು ಪಡಸಾಲೆಗೆ ಬಂದು ವಿಷಯ ಹೇಳಿದೆ.

ಹುಡುಗನ ತಾಯಿ ಲೋಟ ಕೆಳಗಿಟ್ಟರು. "ಪಾಚಿ ಸಲುವಾಗಿ ನಿಶ್ಚಯ ಮುಂದ ಹಾಕ್ಬೇಕೇನ್ರಿ? ನಮ್ಮೂರ ಕೆರ್ಯಾಗ ಬೇಕಾದಷ್ಟೈತಿ. ಮದುವಿ ಆದ ಮ್ಯಾಲ ದಿನಾ ನೋಡ್ಲಿ."

ನಾನು ಮಗಳಿಗೆ ಆಡಿದ ಮಾತೇ. ಅವರ ಬಾಯಲ್ಲಿ ಕೇಳಿದಾಗ ಅಷ್ಟೇನೂ ನಗು ಬರಲಿಲ್ಲ.

ಹುಡುಗನ ತಂದೆ ಹಾಲು ಇನ್ನೂ ಕುಡಿದಿರಲಿಲ್ಲ. ಆರಿ ಕೆನೆಗಟ್ಟಿದ್ದ ಆ ಲೋಟವನ್ನು ಅವರ ಮುಂದೆ ಹಿಡಿದೆ. "ಇದ ಸಮುದ್ರ ಅಂತ ತಿಳೀರಿ. ಕೆನಿ ಅಂದ್ರ ಮ್ಯಾಲಿನ ನೀರು. ಗಾಳಿ ಬಂತಂದ್ರ..." ಎಂದು ಊದಿದೆ. ನಮ್ಮ ಎಮ್ಮೆಯ ಕೆನೆ, ಅಲ್ಲಾಡಲಿಲ್ಲ. ಶಿವನನ್ನು ನೆನೆದು ಜೋರಾಗಿ ಊದಿದೆ. ಕೆನೆ ಸಮೇತ ಅರ್ಧ ಹಾಲು ಬೀಗರ ಹೆಗಲ ಮೇಲಿನ ವಲ್ಲಿಗೆ ಹೋಯಿತು.

ಯಜಮಾನರು ಮಾಳಿಗೆಯ ಜಂತಿ ನೋಡತೊಡಗಿದರು.

"ನಿಮ್ಮ ಸಮುದ್ರ ಭಾಳ ಜೋರೈತ್ರಿ" ಎಂದರು ಬೀಗತಿ.

ಬೀಗರು ಲೋಟದೊಳಗೆ ಬಗ್ಗಿ ನೋಡಿದರು. "ಖರೇನ ಐತಲ್ಲ. ಕೆನಿ ಹೋದಲ್ಲಿ ತಳದಾಗಿನ ಏಲಕ್ಕಿ ಮ್ಯಾಲ ಬಂದೈತಿ ನೋಡ" ಎಂದು ಹೆಂಡತಿಗೂ ತೋರಿಸಿದರು. ಆಕೆ ಬಹಳ ಹೊತ್ತು ನೋಡಿ ಕೇಳಿದರು:

"ಈ ಗಾಳಿ ಎಂದ ನಿಂದರ್ತೈತ್ರಿ?"

"ಮಳಿಗಾಲ ಮುಗದ ಮ್ಯಾಲ್ರಿ. ಅಷ್ಟೊತ್ತಿಗೆ ಆಕಿನೂ ಬಂದಿರ್ತಾಳ."

ಗಂಡಹೆಂಡತಿ ಕಣ್ಣಲ್ಲೇ ಏನೋ ಮಾತಾಡಿಕೊಂಡರು. ಬೀಗರು ವಲ್ಲಿ ತೆಗೆದು ಹೊರಸಿನ ಮೇಲಿಟ್ಟರು. "ಒಗದ ಇಡ್ರಿ ಅಕ್ಕಾರ. ದೀಪಾವಳಿಗೆ ನಿಶ್ಚಯಕ್ಕ ಬಂದಾಗ ಒಯ್ತೇನಿ."

"ಆವಾಗ ಚಹಾ ಕೊಡ್ರಿ, ಸಾಕು" ಎಂದರು ಬೀಗತಿ.

ಹಾಲು ಸುಡುವಷ್ಟು ಬಿಸಿ ಇರಲಿಲ್ಲ, ಅದು ಶಿವನ ದಯೆ. ವಲ್ಲಿ ಹಳೆಯದಿತ್ತು, ಅದೂ ಅವನ ದಯೆಯೇ. ಅವರನ್ನು ಬಸ್ ಹತ್ತಿಸಲು ಯಜಮಾನರು ಹೋದರು, ದಾರಿಯಲ್ಲಿ ಚಹಾದಂಗಡಿಯಿದೆ, ಬರುವುದು ತಡವೇ. ಬಿಸಿನೀರು ತಾಗಿದರೆ ಹಾಲಿನ ಕಲೆ ಕೂತುಬಿಡುತ್ತದೆ. ತೊಟ್ಟಿಯಿಂದ ತಣ್ಣೀರು ಮೊಗೆದು, ವಲ್ಲಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ.