ನುಣುಪಪ್ಪ ಮತ್ತು ಗದ್ದದ ಗಾಯ

ಆ ಬೀದಿಯಲ್ಲಿ ಮದುವೆಯಾದವರು, ಕೆಲಸಕ್ಕೆ ಅರ್ಜಿ ಹಾಕಿದವರು, ಕೊನೆಗೆ ಸತ್ತು ಗೋಡೆ ಏರಿದವರು, ಯಾರ ಫೋಟೋ ನೋಡಿದರೂ ಮುಖ ನುಣ್ಣಗೆ. ಅದಕ್ಕೆಲ್ಲ ಕಾರಣ ನಮ್ಮ ನುಣುಪಪ್ಪ. ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು ಬಿಡಿ, ಬ್ಯಾಂಕಿನವರನ್ನು ಬಿಟ್ಟರೆ ಅದನ್ನು ಯಾರೂ ಕೂಗುತ್ತಿರಲಿಲ್ಲ. ಮೆಟ್ಟಿಲ ಕೆಳಗಿನ ಆ ಪುಟ್ಟ ಸ್ಟುಡಿಯೋದಲ್ಲಿ ಮೊದಮೊದಲು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ, ಕಂಪ್ಯೂಟರ್ ಬಂದಮೇಲೆ ಮೌಸ್ ಆಡಿಸಿ, ಮೊಡವೆ, ಸುಕ್ಕು, ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಯಾವುದನ್ನೂ ಅವನು ಹೊಸ್ತಿಲು ದಾಟಲು ಬಿಟ್ಟವನಲ್ಲ. ಲೋಕದವರು ಮುಖ ನೋಡಿ ಮಣೆ ಹಾಕುತ್ತಾರೆ. ಈ ಮಹಾಶಯ ಮುಖವನ್ನೇ ತಿದ್ದಿ ಮಣೆ ಹಾಕುತ್ತಿದ್ದ. ಒಮ್ಮೆ ಒಬ್ಬ ಪೊಲೀಸಿನವನು ತನ್ನದೇ ಫೋಟೋ ಕೈಗೆ ತಗೊಂಡು, "ಯಾರ್ರೀ ಇವನು? ಹಿಡ್ಕೊಂಡು ಬರಬೇಕಾ?" ಅಂತ ಕೇಳಿದ್ದ. ಅದನ್ನು ನುಣುಪಪ್ಪ ಹೊಗಳಿಕೆ ಅಂತಲೇ ತಿಳಿದಿದ್ದ.

ಅವನ ಹೆಂಡತಿ ಶಾಲೆಯ ಪಿ.ಟಿ. ಟೀಚರ್. ಜೀವಮಾನವಿಡೀ ಧೂಳು ಮೈದಾನದಲ್ಲಿ ನಿಂತು, ಸೀಟಿ ಊದಿ, ಊರ ಮಕ್ಕಳನ್ನೆಲ್ಲ ಓಡಿಸಿದವಳು. ನಿವೃತ್ತಿಯ ದಿನ ಶಾಲೆಯವರು ಹಾರ ಹಾಕಿದರು, ಅವಳು ಹಾರ ತೆಗೆದಿಟ್ಟು ಸೀಟಿಯನ್ನು ಮಾತ್ರ ಕೊರಳಲ್ಲೇ ಉಳಿಸಿಕೊಂಡು ಮನೆಗೆ ಬಂದಳು. ಈ ಟೀಚರಮ್ಮನಿಗೆ ಇದ್ದದ್ದು ಒಂದೇ ಆಸೆ. ದಿನಾ ಬೆಳಿಗ್ಗೆ ಸಮುದ್ರದಲ್ಲಿ ಈಜಬೇಕು. ಈಜು ಕಲಿತದ್ದು ಹಾಸ್ಟೆಲ್ ಕಾಲದಲ್ಲಿ ಒಂದು ಕೊಳದಲ್ಲಿ. ಸಮುದ್ರ ಕಂಡದ್ದು ಕ್ಯಾಲೆಂಡರಿನಲ್ಲಿ. ಹೀಗಿರುವಾಗ, ಕಡಲ ದಂಡೆಯ ಒಂದು ದೇಶ ನಿವೃತ್ತರಿಗೆ ಅಂತಲೇ ವೀಸಾ ಕೊಡುತ್ತದೆ, ಪಿಂಚಣಿ ಒಂದಿದ್ದರೆ ಬಂದು ಹಾಯಾಗಿರಬಹುದು ಅಂತ ಗೊತ್ತಾಯಿತು ನೋಡಿ, ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಪಿಂಚಣಿ ಅವಳದ್ದು, ಹಾಗಾಗಿ ಅರ್ಜಿಯೂ ಅವಳದ್ದು. ನುಣುಪಪ್ಪ ಅದರ ಹಿಂದೆ ತಗುಲಿಕೊಂಡ ಬಾಲ.

ಅರ್ಜಿ ಹೋದದ್ದೇ ತಡ, ಗಂಡ ಹೆಂಡತಿ ಇಬ್ಬರೂ ಮಕ್ಕಳಾಗಿಬಿಟ್ಟರು. ಟೀಚರಮ್ಮ ಈಜಿನ ಕನ್ನಡಕ ಹಾಕಿಕೊಂಡೇ ಈರುಳ್ಳಿ ಹೆಚ್ಚಿದಳು, ಕಣ್ಣು ಉರಿಯುವುದಿಲ್ಲವಂತೆ. ಸೋಫಾ ಮಾರಿದರು, ಕಪಾಟು ಮಾರಿದರು, ಊಟಕ್ಕೆ ಸೂಟ್‌ಕೇಸಿನ ಮೇಲೆ ತಟ್ಟೆ ಇಟ್ಟುಕೊಂಡರು. ನುಣುಪಪ್ಪ ಆ ದೇಶದ ಭಾಷೆ ಕಲಿಯಲು ಹೊರಟು, ಮೊಬೈಲು ಮುಂದಿಟ್ಟುಕೊಂಡು ತಿಂಗಳಾನುಗಟ್ಟಲೆ ಒದ್ದಾಡಿ, ಕಡೆಗೆ ಒಂದೇ ಒಂದು ವಾಕ್ಯ ಕಲಿತ: "ಉಪ್ಪು ಸ್ವಲ್ಪ ಕಡಿಮೆ." ಅದನ್ನೇ ಸ್ನಾನದ ಮನೆಯಲ್ಲಿ ರಾಗವಾಗಿ ಹಾಡುತ್ತಿದ್ದ.

ಮಹಡಿಯ ಮೇಲೆ ಅವನ ಅಕ್ಕನ ಮನೆ. ಅಕ್ಕ ದಿನಕ್ಕೊಮ್ಮೆ ಇಳಿದು ಬಂದು ಖಾಲಿ ನಡುಮನೆಯನ್ನು ನೋಡುವಳು, ಬೈಯುವಳು, ಹತ್ತಿ ಹೋಗುವಳು.

"ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಮಗೆ ಬರೀ ಮರಳೇ ಆಗೋಯ್ತಲ್ಲೋ! ವೀಸಾನೇ ಕೈಗೆ ಬಂದಿಲ್ಲ, ಸೋಫಾ ಮಾರ್ಕೊಂಡು ಕೂತಿದೀರ. ಕೂಸು ಹುಟ್ಟೋಕೆ ಮುಂಚೆ ಕುಲಾವಿ."

"ಕೂಸು ಹುಟ್ಟೇ ಹುಟ್ಟುತ್ತೆ ಅತ್ತಿಗೆ, ನೀವು ಕುಲಾವಿ ಹಿಡ್ಕೊಂಡಿರಿ," ಎಂದು ಟೀಚರಮ್ಮ ಅವಳ ತಲೆಗೆ ಈಜಿನ ಟೋಪಿ ತೊಡಿಸಿಬಿಡುವಳು.

ಕೂಸು ಹುಟ್ಟುವ ದಿನವೂ ಬಂತು. ಪಿಂಚಣಿ ಪತ್ರ, ಡಾಕ್ಟರ ಸರ್ಟಿಫಿಕೇಟು, ಪೊಲೀಸರ ಒಪ್ಪಿಗೆ ಎಲ್ಲ ಪಾಸಾಗಿ, ಇಬ್ಬರೂ ವೀಸಾ ಕಚೇರಿಗೆ ಹೋಗಿ ಫೋಟೋ ಕೊಟ್ಟರೆ ಮುದ್ರೆ ಒತ್ತುವುದಷ್ಟೇ ಬಾಕಿ. ಈ ವರ್ಷದ ಅರ್ಜಿಗಳಿಗೆ ಕಡೆಯ ದಿನ ಅದೇ. ಸಂಜೆ ಕಚೇರಿ ಬಾಗಿಲು ಹಾಕುವುದರೊಳಗೆ ಆಗದಿದ್ದರೆ ಅರ್ಜಿ ರದ್ದು, ಮತ್ತೆ ಎಲ್ಲ ಮೊದಲಿಂದ. ಫೋಟೋ ಯಾರು ತೆಗೆಯಬೇಕು? ಕೇಳುವುದೇನು ಬಂತು! ತನ್ನ ಫೋಟೋವನ್ನು ನುಣುಪಪ್ಪ ಇದ್ದ ಹಾಗೇ ಪ್ರಿಂಟ್ ಮಾಡಿದ. ಗಂಡಸಿನ ಮೂತಿಯನ್ನು ಯಾರು ನೋಡುತ್ತಾರೆ? ಹೆಂಡತಿಯದ್ದಕ್ಕೆ ಮಾತ್ರ ಇಡೀ ಬೆಳಗ್ಗೆ ಕೂತ.

ಕೌಂಟರಿನಲ್ಲಿದ್ದವಳು ದಪ್ಪ ಕನ್ನಡಕದ, ನಗೆಮುಖದ ಹೆಂಗಸು. ನುಣುಪಪ್ಪನ ಫೋಟೋ ನೋಡಿದಳು, ಪಕ್ಕಕ್ಕಿಟ್ಟಳು. ಟೀಚರಮ್ಮನ ಫೋಟೋ ನೋಡಿದಳು, ಟೀಚರಮ್ಮನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು.

"ಅಮ್ಮಾ, ಮಗಳ ಫೋಟೋ ತಂದುಬಿಟ್ಟಿದೀರ."

ಟೀಚರಮ್ಮನಿಗೆ ಖುಷಿಯೋ ಖುಷಿ. ಪಕ್ಕದ ಸಾಲಿನವರಿಗೂ ಕೇಳಿಸುವ ಹಾಗೆ ನಕ್ಕಳು. "ನಮಗೆ ಮಗಳೇ ಇಲ್ಲ ಕಣಮ್ಮ! ಅದು ನಾನೇ!"

"ಹಾಗಾದ್ರೆ ಇದು ನಡೆಯಲ್ಲ. ತಿದ್ದಿದ ಫೋಟೋ ನಾವು ತಗೊಳಲ್ಲ. ಬೇರೆ ತನ್ನಿ, ಬೇಗ. ನಿಮ್ಮದು ಆಗ್ಲಿಲ್ಲ ಅಂದ್ರೆ ಯಜಮಾನ್ರದ್ದೂ ಆಗಲ್ಲ."

ನಗು ಅಲ್ಲಿಗೆ ನಿಂತಿತು. ಆಟೋ ಹಿಡಿದು ಸ್ಟುಡಿಯೋಗೆ ಓಡಿದರು. ನುಣುಪಪ್ಪ ದೀಪ ಹಾಕಿದ, ಕ್ಲಿಕ್ ಮಾಡಿದ, ಕಂಪ್ಯೂಟರ್ ಮುಂದೆ ಕೂತ. ಹೆಂಡತಿ ಮುಖ ತೊಳೆಯಲು ಹೋಗಿದ್ದಳು. ಸುಕ್ಕುಗಳನ್ನು ಅವನು ಮುಟ್ಟಲಿಲ್ಲ, ದೇವರಾಣೆಗೂ ಮುಟ್ಟಲಿಲ್ಲ. ಎದೆ ಕಲ್ಲು ಮಾಡಿಕೊಂಡು ಕಣ್ಣ ಕೆಳಗಿನ ಕಪ್ಪನ್ನೂ ಹಾಗೇ ಬಿಟ್ಟ. ಪ್ರಿಂಟ್ ಬಂತು, ಮತ್ತೆ ಆಟೋ.

ಕೌಂಟರಿನವಳು ಈ ಸಲ ತಲೆದೂಗಿದಳು. "ಹಾಂ, ಇದು ಪರವಾಗಿಲ್ಲ." ಮುದ್ರೆ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಪಾಸ್‌ಪೋರ್ಟಿನ ಫೋಟೋ ಪಾಸ್‌ಪೋರ್ಟ್ ಕಚೇರಿಯವರೇ ತೆಗೆದದ್ದು, ಅದರಲ್ಲಿ ಗದ್ದದ ಮೇಲೆ ಅಡ್ಡಲಾಗಿ ಒಂದು ಗಾಯದ ಗೆರೆ. ಎದುರಿಗೆ ಕೂತ ಟೀಚರಮ್ಮನ ಗದ್ದದ ಮೇಲೂ ಅದೇ ಗೆರೆ. ಅರ್ಜಿಯಲ್ಲಿ ಗುರುತಿನ ಚಿಹ್ನೆ ಅಂತ ಬರೆದಿದ್ದದ್ದೂ ಅದನ್ನೇ.

"ಅಮ್ಮಾ, ಈ ಫೋಟೋದಲ್ಲಿ ಗಾಯ ಎಲ್ಲಿ?"

ಟೀಚರಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಅವನಾಣೆಗೂ ಅವನಿಗೇ ಗೊತ್ತಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಹೋಗಿ, ಅದೊಂದನ್ನು ಒರೆಸಿ ಬಂದಿತ್ತು.

"ಇನ್ನೊಂದೇ ಸಲ ನೋಡ್ತೀನಿ ಸರ್," ಎಂದು ಕೌಂಟರಿನವಳು ಗಡಿಯಾರ ತೋರಿಸಿದಳು. "ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಮತ್ತೆ ಆಟೋ. ಟೀಚರಮ್ಮ ಸ್ಟುಡಿಯೋಗೆ ಬಂದವಳೇ ಗೋಡೆಯ ಮೇಲಿದ್ದ ತನ್ನ ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಮದುವೆಯದ್ದು, ಶಾಲೆಯ ಕ್ರೀಡಾಕೂಟದ್ದು, ಬೆಳ್ಳಿಹಬ್ಬದ್ದು. ಒಂದರಲ್ಲೂ ಗಾಯವಿಲ್ಲ. ಇಷ್ಟು ವರ್ಷ ದೀಪದ ಬೆಳಕಿಗೆ ಕಾಣುವುದಿಲ್ಲ ಅಂದುಕೊಂಡಿದ್ದಳಂತೆ, ಪಾಪ.

"ಏನ್ರೀ ಇದು? ಈ ಗಾಯ ಹೇಗಾಯ್ತು ಅಂತ ಮರೆತೇಬಿಟ್ರಾ?"

ಮರೆಯುವುದುಂಟೇ! ಓದುವ ಕಾಲದಲ್ಲಿ, ಕ್ರೀಡಾಕೂಟದ ಗ್ರೂಪ್ ಫೋಟೋ ಇಸಿದುಕೊಳ್ಳುವ ನೆಪದಲ್ಲಿ ಇದೇ ಸ್ಟುಡಿಯೋಗೆ ಬರಲು ಹಾಸ್ಟೆಲಿನ ಕಾಂಪೌಂಡು ಹಾರಿ, ಗದ್ದ ಒಡೆದುಕೊಂಡು, ಕರವಸ್ತ್ರ ಒತ್ತಿ ಹಿಡಿದು, ಹಲ್ಲು ಕಿರಿಯುತ್ತಾ ಬಾಗಿಲಲ್ಲಿ ನಿಂತಿದ್ದವಳು ಇವಳೇ. ಗಾಯಕ್ಕೆ ಹೊಲಿಗೆ ಹಾಕಿಸಿ, ವಾರದ ನಂತರ ಅವನು ಅವಳೊಬ್ಬಳ ಮೊದಲ ಫೋಟೋ ತೆಗೆದಿದ್ದ. ಅವಳು ಅದನ್ನು ಊರಿನಲ್ಲಿದ್ದ ಅಪ್ಪನಿಗೆ ಕಳಿಸಬೇಕಿತ್ತು. ಅಪ್ಪ ಸಾಮಾನ್ಯದ ಮನುಷ್ಯನಲ್ಲ, ಹುಲಿ. ಗಾಯ ಹೇಗಾಯಿತೆಂದು ಕೇಳಿಯೇ ಕೇಳುತ್ತಿದ್ದ. ಅದಕ್ಕೇ ನುಣುಪಪ್ಪ ಪೆನ್ಸಿಲ್ ಹಿಡಿದು ಆ ಗೆರೆಯನ್ನು ಮುಚ್ಚಿದ್ದ. ಅಂದು ಶುರುವಾದ ಕೈ ಇಂದಿಗೂ ನಿಂತಿರಲಿಲ್ಲ.

"ನಿಮ್ಮಪ್ಪ ನೋಡಿದ್ರೆ ಅಂತ..." ಎಂದ ನುಣುಪಪ್ಪ.

"ನಮ್ಮಪ್ಪ ಹೋಗಿ ಎಷ್ಟು ಕಾಲ ಆಯ್ತ್ರೀ! ಇನ್ನೂ ಯಾರಿಗೆ ಹೆದರ್ತಿದೀರ?"

"ನಿಮ್ಮಪ್ಪನಿಗೇ."

ಟೀಚರಮ್ಮನ ಹೊಟ್ಟೆಯೊಳಗಿಂದ ನಗು ಎದ್ದಿತು ನೋಡಿ, ಸ್ಟೂಲು ಅಲುಗಾಡಿತು. ಗಲಾಟೆ ಕೇಳಿ ಅಕ್ಕ ಮೆಟ್ಟಿಲಿಳಿದು ಬಂದಳು. ವಿಷಯ ತಿಳಿದು ತಮ್ಮನ ಕಿವಿ ಹಿಡಿದಳು.

"ಲೋ, ಹೋಗ್ಬೇಡಿ ಹೋಗ್ಬೇಡಿ ಅಂತ ಬಾಯಿ ಬಡ್ಕೊಂಡವಳು ನಾನು. ನೀವಿಲ್ದೆ ನನಗೆ ಬೇಜಾರೇ ಆಗುತ್ತೆ, ಸುಳ್ಳು ಯಾಕೆ ಹೇಳಲಿ. ಆದ್ರೂ ಆ ಹುಡುಗಿ ಸಮುದ್ರ ನೋಡದೆ ಇಲ್ಲೇ ಕೊಳೆಯೋದು ನಿನ್ನ ಈ ಕೈಯಿಂದ ಆಗಬಾರ್ದು. ಕೊಡು ಇಲ್ಲಿ!"

ಎಂದವಳೇ ಮೌಸನ್ನು ವೈರು ಸಮೇತ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಫೋಟೋಗೆ ಬಾಯಿ ಮುಚ್ಚಿರಬೇಕು, ಹಲ್ಲು ಕಾಣಬಾರದು, ಅದು ನಿಯಮ. ಟೀಚರಮ್ಮನ ಬಾಯಿ ಮುಚ್ಚಿದರೆ ತಾನೇ! ಕೂತಳು, ಬಿಗಿಹಿಡಿದಳು, ನುಣುಪಪ್ಪ ಕ್ಯಾಮೆರಾಗೆ ಕಣ್ಣು ಹಚ್ಚುತ್ತಲೇ, "ನಿಮ್ಮಪ್ಪನಿಗೇ!" ಎಂದು ತಾನೇ ಹೇಳಿಕೊಂಡು ಬಿದ್ದು ಬಿದ್ದು ನಕ್ಕಳು. ಅಕ್ಕನೂ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ತಿರುಗಿದಳು. ಜೀವಮಾನವಿಡೀ ಜನರಿಗೆ "ಸ್ವಲ್ಪ ನಗಿ" ಅಂತ ಗೋಗರೆದವನು ಇವತ್ತು ಕೈಮುಗಿದು ನಿಂತಿದ್ದ. "ನಿನ್ನ ದಮ್ಮಯ್ಯ ಕಣೇ, ನಗಬೇಡ ಕಣೇ, ಕಚೇರಿ ಬಾಗಿಲು ಹಾಕಿಬಿಡ್ತಾರೆ!" ಕಡೆಗೆ ಅವಳು ಸೀಟಿ ತೆಗೆದು ತನಗೆ ತಾನೇ ಜೋರಾಗಿ ಊದಿಕೊಂಡಳು. ಮೈದಾನದ ಮುಖ ಬಂತು. ಕ್ಲಿಕ್.

ತೆರೆಯ ಮೇಲೆ ಅವಳ ಮುಖ ಮೂಡಿತು. ಹಣೆಯ ಗೆರೆ, ಬಿಸಿಲಿಗೆ ಕಂದಿದ ಕೆನ್ನೆ, ತುಟಿಯ ಮೂಲೆಯಲ್ಲಿ ತಡೆದು ನಿಲ್ಲಿಸಿದ ನಗು, ಕೆಳಗೆ ಆ ಗಾಯ. ನುಣುಪಪ್ಪನ ಬಲಗೈ ಇಲ್ಲದ ಮೌಸನ್ನು ಮೇಜಿನ ಮೇಲೆ ಹುಡುಕಿತು. ಅಕ್ಕ ಆ ಕೈಗೆ ಪಟ್ ಅಂತ ಒಂದು ಕೊಟ್ಟಳು, ಕೀಬೋರ್ಡಿನ ಗುಂಡಿ ಒತ್ತಿ ಪ್ರಿಂಟ್ ಹಾಕಿಸಿದಳು.

ಅವರು ಏದುಸಿರು ಬಿಡುತ್ತಾ ಹೋದಾಗ ಕಚೇರಿಯ ಅರ್ಧ ದೀಪ ಆರಿತ್ತು. ಕೌಂಟರಿನವಳು ಕೈಚೀಲ ಹೆಗಲಿಗೇರಿಸಿಯೇ ಫೋಟೋ ಹಿಡಿದಳು. ಫೋಟೋ ನೋಡಿದಳು, ಪಾಸ್‌ಪೋರ್ಟ್ ನೋಡಿದಳು, ಕನ್ನಡಕ ಏರಿಸಿ ಟೀಚರಮ್ಮನನ್ನು ನೋಡಿದಳು.

"ಇದು ನೀವೇ," ಎಂದು ಮುದ್ರೆ ಒತ್ತಿದಳು. ಎರಡು ಸಲ, ಇಬ್ಬರಿಗೂ.

"ಕೇಳಿಸ್ತೇನ್ರೀ? ನಾನೇ ಅಂತೆ!"

ನುಣುಪಪ್ಪನಿಗೆ ಕೌಂಟರಿನವಳ ಹತ್ತಿರ ಆ ದೇಶದ ಭಾಷೆಯಲ್ಲೇ ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿತು. ಎರಡೂ ಕೈ ಜೋಡಿಸಿ, ಕಣ್ತುಂಬ ನೀರು ತುಂಬಿಕೊಂಡು, "ಉಪ್ಪು ಸ್ವಲ್ಪ ಕಡಿಮೆ," ಎಂದ. ಅವಳು ಕೈಚೀಲ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೆಟ್ಟಿಲಿಳಿಯುವಾಗ ಅವನು ನಡುವೆ ನಿಂತುಬಿಟ್ಟ. ಹೆಬ್ಬೆರಳನ್ನು ಹೆಂಡತಿಯ ಗದ್ದದ ಮೇಲಿಟ್ಟು, ಗಾಯದ ಉದ್ದಕ್ಕೂ ಮೆಲ್ಲಗೆ ಎಳೆದ. ಇಷ್ಟು ವರ್ಷದಲ್ಲಿ ಒಂದು ಸಲವೂ ಅವನು ಅದನ್ನು ಬೆರಳಲ್ಲಿ ಮುಟ್ಟಿರಲಿಲ್ಲ.

"ಏನ್ರೀ, ಮತ್ತೆ ಅಳಿಸ್ತಿದೀರಾ?"

"ಇಲ್ಲ ಕಣೇ. ಇದೆಯಾ ಅಂತ ನೋಡ್ತಿದೀನಿ."