ಶಾಂತಾರಾಮ ಪಟಗಾರರು ಏಜೆಂಟರನ್ನು ಹಿಡಿದದ್ದು

ಕುಮಟಾದ ಶಾಂತಾರಾಮ ಪಟಗಾರರು ಮೂವತ್ತೊಂದು ವರ್ಷ ಕೋರ್ಟಿನ ಬೇಲೀಫರಾಗಿದ್ದವರು. ಸಮನ್ಸು, ನೋಟೀಸು ಹಿಡಿದು ಮನೆಮನೆ ತಿರುಗುವುದೇ ನೌಕರಿ. ಅವರ ಸ್ಕೂಟರ್ ಬೇಲಿಯ ದಣಪೆಯ ಹತ್ತಿರ ನಿಂತಿತೆಂದರೆ ಎಂಥ ಗಂಡಸೂ ಹಿತ್ತಲ ಬಾಗಿಲಿನಿಂದ ಮಾಯವಾಗುತ್ತಿದ್ದ. ನಿವೃತ್ತರಾದ ಮೇಲೆ ಅದನ್ನೆಲ್ಲ ಬರೆದರು. ಆರುನೂರು ಪುಟವಾಯಿತು.

ಹೈಸ್ಕೂಲ್ ಟೀಚರಾಗಿದ್ದ ಮಗಳು ಪ್ರಿಯಾ ಬೆಂಗಳೂರಿನ ಅರ್ಚಿತಾ ಎಂಬ ಸಾಹಿತ್ಯ ಏಜೆಂಟರ ವಿಳಾಸ ಹುಡುಕಿದಳು. ಬರೆದವರ ಪರವಾಗಿ ಪ್ರಕಾಶಕರ ಹತ್ತಿರ ಮಾತಾಡುವವರು ಎಂದು ತಿಳಿಸಿದಳು.

"ಅಂದ್ರೆ ವಕೀಲರು."

"ವಕೀಲರು ಸೋತ್ರೂ ಫೀಸ್ ತಗಳ್ತಾರೆ ಅಪ್ಪ. ಇವರು ಪುಸ್ತಕ ಮಾರಾಟ ಆದ್ರೆ ಮಾತ್ರ."

ಒಂದು ಪುಟದ ಸಾರಾಂಶ, ಮೂರು ಅಧ್ಯಾಯ ಇಮೇಲಿನಲ್ಲಿ ಕಳಿಸಿದರು. ಕ್ಷಣದಲ್ಲೇ ಯಂತ್ರದ ಉತ್ತರ ಬಂತು: ಹನ್ನೆರಡು ವಾರದಲ್ಲಿ ನಮ್ಮಿಂದ ಸುದ್ದಿ ಬಾರದಿದ್ದರೆ ನಮಗೆ ಆಸಕ್ತಿ ಇಲ್ಲವೆಂದು ತಿಳಿಯಿರಿ.

"ಹಾಂಗೆ ತಿಳ್ಕಂಡು ಕೂತಿದ್ರೆ ನಾನು ಒಂದು ಸಮನ್ಸೂ ಮುಟ್ಟಿಸ್ತಿರ್ಲಿಲ್ಲ" ಎಂದರು ಪಟಗಾರರು.

ಹದಿಮೂರನೆಯ ವಾರ ಅರ್ಚಿತಾ ಅಂತರ್ಜಾಲದಲ್ಲಿ ಸಮುದ್ರದ ದಂಡೆಯ ಫೋಟೋ ಹಾಕಿದ್ದನ್ನು ಪ್ರಿಯಾ ತೋರಿಸಿದಳು. ಹಿಂದೆ ಧಾರೇಶ್ವರದ ಹೋಮ್‌ಸ್ಟೇಯ ಬೋರ್ಡು ಅರ್ಧ ಕಾಣುತ್ತಿತ್ತು. ಪಟಗಾರರಿಗೆ ಅರ್ಧ ಸಾಕಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಕೂಟರ್ ಹತ್ತಿದರು.

ಹೋಮ್‌ಸ್ಟೇ ನಡೆಸುವ ಪ್ರವೀಣ ಬಾಗಿಲಲ್ಲೇ ತಡೆದ. "ಮೇಡಂ ಇಲ್ಲ, ಗೋಕರ್ಣಕ್ಕೆ ಹೋಗಾರೆ."

ಪಟಗಾರರು ಮೆಟ್ಟಿಲ ಮೇಲಿದ್ದ ಚಪ್ಪಲಿಯನ್ನು ನೋಡಿದರು. ಮರಳು ಇನ್ನೂ ಹಸಿಯಾಗಿತ್ತು. "ಆತು, ಬರ್ಲಿ. ನಾನು ಕೂತಿರ್ತೆ."

ಮುಕ್ಕಾಲು ಗಂಟೆಯ ಮೇಲೆ ಅರ್ಚಿತಾ ಒಳಗಿನಿಂದಲೇ ಹೊರಬಂದಳು. ಕೆನ್ನೆ ಕೆಂಪಾಗಿತ್ತು.

"ಓದಿದ್ದೀನಿ ಸರ್. ಚೆನ್ನಾಗಿದೆ. ಆದ್ರೆ ಎಲ್ಲರೂ ನಿಮ್ಮನ್ನ ಕಂಡು ಓಡ್ತಾರೆ, ನೀವು ಮಾತ್ರ ಹರಿಶ್ಚಂದ್ರನ ಹಾಗೆ ಬಾಗಿಲಲ್ಲಿ ನಿಂತಿರ್ತೀರಿ. ಆತ್ಮಕಥೆ ಅಂತೀರಿ, ನೀವೆಲ್ಲಿ? ನಿಮ್ಮ ಮನೆಗೆ ಯಾರೂ ಸಮನ್ಸ್ ತರಲೇ ಇಲ್ವಾ?"

"ಇಲ್ಲ" ಎಂದರು ಪಟಗಾರರು, ಸ್ವಲ್ಪ ಬೇಗನೇ.

ಮನೆಗೆ ಬಂದು ಹೇಳಿದಾಗ ಹೆಂಡತಿ ಸರೋಜಾ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದರು. "ಇಲ್ಲ ಅಂದ್ರಾ? ಮೂರು ದಿನ ರಜೆ ಹಾಕಿ ಬಚ್ಚಲಮನೇಲಿ ಕೂತಿದ್ದು ಯಾರು? ನಿಮ್ಮ ಆಫೀಸಿನವರ ಎದ್ರಿಗೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ದು ಯಾರು?"

ಒಂಬತ್ತು ವರ್ಷದ ಹಿಂದೆ ಕರ್ಕಿಯಲ್ಲಿದ್ದ ಅಣ್ಣ ನಾರಾಯಣ ಮನೆಯ ತೋಟ, ಬಾವಿಯ ಪಾಲಿಗಾಗಿ ತಮ್ಮನ ಮೇಲೆ ದಾವೆ ಹಾಕಿದ್ದರು. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಕೇಸು ಮಾತ್ರ ಇನ್ನೂ ನಡೆದಿತ್ತು.

ಪಟಗಾರರು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಬರೆಯಲು ಕೂತರು. ಬಚ್ಚಲ ಹಂಡೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತದ್ದು, ಹೊರಗೆ ಸಹೋದ್ಯೋಗಿಯ ಕೆಮ್ಮು ಕೇಳಿದ್ದು, ಅವನು ಹೋಗಲೆಂದು ದೇವರಿಗೆ ಹರಕೆ ಹೊತ್ತದ್ದು, ಜಗಳದ ಬಾವಿಯ ಕತೆ, ಎಲ್ಲವೂ ಹದಿನಾಲ್ಕು ಪುಟವಾಯಿತು. ಕಳಿಸಿದರು.

ಎರಡೇ ದಿನಕ್ಕೆ ಅರ್ಚಿತಾ ಫೋನ್ ಮಾಡಿದಳು. ಆರುನೂರು ಪುಟ ಇನ್ನೂರಾಗಬೇಕು, ಈ ಅಧ್ಯಾಯ ಮೊದಲು ಬರಬೇಕು, ಅಣ್ಣನ ಹೆಸರಿರುವುದರಿಂದ ಅವರ ಒಪ್ಪಿಗೆಯ ಸಹಿ ಬೇಕು.

ಹೀಗಾಗಿ ಪಟಗಾರರು ಒಂಬತ್ತು ವರ್ಷದ ಮೇಲೆ ಕರ್ಕಿಯ ಮನೆಯ ಅಂಗಳದಲ್ಲಿ ನಿಂತರು. ನಾರಾಯಣ ಓಡಲಿಲ್ಲ. ಕನ್ನಡಕ ತರಿಸಿಕೊಂಡು ಹದಿನಾಲ್ಕೂ ಪುಟ ಓದಿದರು. ಬಚ್ಚಲಮನೆಯ ಭಾಗಕ್ಕೆ ಬಂದಾಗ ಹೊಟ್ಟೆ ಕುಣಿಸಿ ನಕ್ಕರು.

"ಇದೆಲ್ಲ ಸರಿ. ಆದ್ರೆ ಬಾವಿ ಸುದ್ದಿ ನೀನು ಪೂರ್ತಿ ತಪ್ಪು ಬರ್ದಿದ್ದೆ."

"ಎಂತ ತಪ್ಪು?"

"ಬಾವಿ ಅಗೆಸಿದ್ದು ನಾನು. ಕೂತ್ಕೋ, ಹೇಳ್ತೆ."

ಸಹಿ ಸಿಕ್ಕಿತು. ಬಾವಿಯ ಚರ್ಚೆ ಮಾತ್ರ ಮುಗಿಯಲಿಲ್ಲ. ಈಗ ಪ್ರತಿ ಭಾನುವಾರ ಪಟಗಾರರು ಕರ್ಕಿಗೆ ಹೋಗಿ ಜಗಳಾಡಿ, ಊಟ ಮಾಡಿ ಬರುತ್ತಾರೆ. ಅರ್ಚಿತಾ ಪುಸ್ತಕವನ್ನು ನಾಲ್ವರು ಪ್ರಕಾಶಕರಿಗೆ ಕಳಿಸಿದ್ದಾಳೆ. ಇಬ್ಬರು ಬೇಡವೆಂದಿದ್ದಾರೆ, ಇನ್ನಿಬ್ಬರು ಸುಮ್ಮನಿದ್ದಾರೆ. ಕಳೆದ ವಾರ ಅವಳ ಕಚೇರಿಗೆ ಕರ್ಕಿಯಿಂದ ರಿಜಿಸ್ಟರ್ಡ್ ಪೋಸ್ಟ್ ಹೋಗಿದೆ: ನಾರಾಯಣ ಪಟಗಾರರ ಆತ್ಮಕಥೆ, ಮೊದಲ ಮೂರು ಅಧ್ಯಾಯ.