ಬೆಚ್ಚಗಿನ ನೀರು, ಗುರುತಿಲ್ಲದ ದಂಡೆ

2012ರ ಜನವರಿಯಲ್ಲಿ ನಾನು ನಿಪ್ಪಾಣಿಯ ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಟ್ರಾವೆಲ್ ಕಚೇರಿ ನೋಡಿಕೊಳ್ಳುತ್ತಿದ್ದೆ. ಆ ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾಗಿತ್ತು. ಮೊದಮೊದಲು ರೈಲ್ವೆ ರಿಸರ್ವೇಶನ್, ಪುಣೆ-ಮುಂಬಯಿ ಬಸ್ಸು, ವರ್ಷಕ್ಕೊಮ್ಮೆ ಕಾಶಿಯಾತ್ರೆ, ಇಷ್ಟೇ ನಮ್ಮ ವ್ಯಾಪಾರ. ಆಮೇಲೆ ಗೊಬ್ಬರ, ಬೀಜದ ಕಂಪನಿಗಳು ತಮ್ಮ ಡೀಲರುಗಳನ್ನು ಬಹುಮಾನವೆಂದು ಬ್ಯಾಂಕಾಕಿಗೆ ಕರೆದೊಯ್ಯತೊಡಗಿದವು. ಅಥಣಿ, ಕಾಗವಾಡ, ರಾಯಬಾಗ ಕಡೆಯ ಎಷ್ಟೋ ಗಂಡಸರು ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದ್ದು ಆಗಲೇ. ಬ್ಯಾಂಕಾಕಿನ ಜೊತೆ ಪಟಾಯಾ ಎಂಬ ಕಡಲೂರೂ ಇರುತ್ತಿತ್ತು. ಅಲ್ಲಿ ತೆಗೆಸಿಕೊಂಡ ಫೋಟೊಗಳನ್ನು ಯಾರೂ ಮನೆಯಲ್ಲಿ ತೋರಿಸುತ್ತಿರಲಿಲ್ಲ. ಹೀಗಾಗಿ, ಒಬ್ಬನೇ ಬಂದು ಸಮುದ್ರದ ಊರು ಕೇಳುವ ಗಂಡಸಿನ ಬಗ್ಗೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತಿತ್ತು.

ಮಿಲಿಂದ ಅವರು ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ವಯಸ್ಸು ಐವತ್ತರ ಹತ್ತಿರ, ಹಾರೂಗೇರಿಯ ಪಶು ಆಸ್ಪತ್ರೆಯಲ್ಲಿ ನೌಕರಿ. ಅಲ್ಲಿಂದ ಚಿಕ್ಕೋಡಿ ಮೇಲೆ ಎರಡು ಬಸ್ಸು ಬದಲಿಸಿ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡು, ಮೆಲ್ಲಗೆ ಹೇಳಿದರು:

"ಪರದೇಶದಾಗ ಒಂದು ಸಮುದ್ರದ ಊರು ಬೇಕ್ರಿ. ನೀರು ಬೆಚ್ಚಗಿರಬೇಕು. ಗುರುತಿನ ಮಂದಿ ಯಾರೂ ಸಿಗಬಾರದು."

ನಾನು ಪಟಾಯಾದ ಬ್ರೋಶರ್ ಅವರ ಮುಂದೆ ತಳ್ಳಿದೆ. "ಇಲ್ಲಿಗೆ ಭಾಳ ಮಂದಿ ಹೋಗತಾರ್ರಿ," ಎಂದೆ. ದನಿಯಲ್ಲಿ ಎಷ್ಟು ತಣ್ಣಗಿದ್ದೆನೆಂದು ನನಗೆ ಈಗಲೂ ನೆನಪಿದೆ.

"ಭಾಳ ಮಂದಿ ಹೋಗೂದು ಬ್ಯಾಡ್ರಿ."

"ಎಷ್ಟು ಜನ ನೀವು?"

"ಇಬ್ರು. ನಾನು, ನಮ್ಮ ಮನಿಯಾಕಿ."

ಹೀಗೆ ಹೇಳುವವರನ್ನೂ ನಾನು ಕಂಡಿದ್ದೆ. ಪಾಸ್‌ಪೋರ್ಟ್ ಇದೆಯೇ ಎಂದು ಕೇಳಿದೆ. ಇಬ್ಬರಿಗೂ ಇರಲಿಲ್ಲ. "ಹಂಗಾದ್ರ ಅವರನ್ನ ಕರಕೊಂಡ ಬರ್ರಿ, ಅರ್ಜಿ ತುಂಬೋಣು," ಎಂದೆ. ಅವರು ಬ್ರೋಶರನ್ನು ನನ್ನ ಕಡೆಗೇ ಸರಿಸಿ ಎದ್ದರು. ಅದನ್ನು ಕಂಡು, ಈ ಮನುಷ್ಯ ಮತ್ತೆ ಬರುವುದಿಲ್ಲ ಎಂದುಕೊಂಡೆ.

ಮುಂದಿನ ಶನಿವಾರ ಮಿಲಿಂದ ಹೆಂಡತಿಯೊಂದಿಗೆ ಬಂದರು. ಆಕೆಯ ಹೆಸರು ಸುಜಾತಾ, ಪ್ರಾಥಮಿಕ ಶಾಲೆಯ ಶಿಕ್ಷಕಿ, ತವರು ಇಲ್ಲೇ ಹತ್ತಿರದ ಭೋಜ, ಮನೆಮಾತು ಮರಾಠಿ. ತುಂಬು ತೋಳಿನ ಕುಪ್ಪಸ, ಕೈಗೆ ಮೊಣಕೈವರೆಗಿನ ಬಟ್ಟೆಯ ಗವಸು. ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳು ಬಿಸಿಲಿಗೆ ಹಾಕಿಕೊಳ್ಳುವಂಥದ್ದೇ. ಆದರೆ ಅವರು ಬಂದದ್ದು ಬಸ್ಸಿನಲ್ಲಿ. ಅರ್ಜಿಯ ಕರಡು ಮತ್ತು ಪೆನ್ನು ಕೊಟ್ಟೆ. ಗವಸು ತೊಟ್ಟು ಬರೆಯಲು ಆಗಲಿಲ್ಲ. ಬಲಗೈಯದನ್ನು ತೆಗೆದರು. ಬೆರಳ ಗೆಣ್ಣುಗಳಿಂದ ಮುಂಗೈಯವರೆಗೆ ಬಿಳಿಯ ಮಚ್ಚೆಗಳು, ಒಂದಕ್ಕೊಂದು ಕೂಡಿಕೊಂಡಿದ್ದವು. ತೊನ್ನು.

ಪಾಸ್‌ಪೋರ್ಟ್ ಅರ್ಜಿಯಲ್ಲಿ 'ಮೈಮೇಲೆ ಎದ್ದು ಕಾಣುವ ಗುರುತು' ಎಂಬ ಒಂದು ಅಂಕಣ ಇರುತ್ತದೆ. ಸುಜಾತಾ ಅಲ್ಲಿಗೆ ಬಂದು ನಿಂತರು.

"ಇಲ್ಲಿ ಇದನ್ನ ಬರೀಬೇಕೇನ್ರಿ?"

"ಬ್ಯಾಡ್ರಿ. ಒಂದು ಕರೀ ಮಚ್ಚಿ ಇದ್ರ ಸಾಕು," ಎಂದೆ.

ಕೊರಳ ಬಳಿ ಒಂದು ಮಚ್ಚೆ ಇತ್ತು, ಅದನ್ನು ಬರೆದರು. ಎಲ್ಲ ತುಂಬಿದ ಮೇಲೆ ಪೆನ್ನನ್ನು ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಡದೆ, ಮೇಜಿನ ಮೇಲೆ ಇಟ್ಟರು. ಅದು ಅಂಟುವ ರೋಗವಲ್ಲ, ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಒರೆಸಿದರು. ಆ ಕೆಲಸವನ್ನು ಅವರು ಎಷ್ಟು ವರ್ಷದಿಂದ ಮಾಡುತ್ತಿರಬಹುದು ಎಂದು ಯೋಚಿಸುತ್ತ, ಹಿಂದಿನ ಸೋಮವಾರ ಅವರ ಗಂಡನ ಬಗ್ಗೆ ಅಂದುಕೊಂಡದ್ದಕ್ಕೆ ನಾಚಿಕೆಪಟ್ಟೆ.

ಆಮೇಲೆ ಸುಜಾತಾ ಅವರೇ ಹೇಳಿದರು. ಭೋಜದಲ್ಲಿ ಹುಡುಗಿಯಾಗಿದ್ದಾಗ ಹೊಳೆಯಲ್ಲಿ ಅಣ್ಣಂದಿರಿಗಿಂತ ಮುಂದೆ ಈಜುತ್ತಿದ್ದರಂತೆ. ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಮಚ್ಚೆ ಬಂತು. ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರು ಏನೂ ಅನ್ನಲಿಲ್ಲ, ಬುಟ್ಟಿ ಎತ್ತಿಕೊಂಡು ಸ್ವಲ್ಪ ಆ ಕಡೆ ಸರಿದರು. ಅಂದಿನಿಂದ ಇಪ್ಪತ್ನಾಲ್ಕು ವರ್ಷ ನೀರಿಗೆ ಇಳಿದಿಲ್ಲ.

"ಸಾಲಿ ಹುಡುಗರಿಗೆ ಏನೂ ಅನ್ನಿಸಂಗಿಲ್ರಿ, ರೂಢಿ ಆಗೇತಿ. ಅವರ ಅವ್ವಂದಿರು ನೋಡತಾರ. ಗೋವಾಕ್ಕ ಎರಡು ಸಲ ಹೋದ್ವಿ. ಅಲ್ಲೂ ಅರ್ಧ ನಿಪ್ಪಾಣಿ, ಅರ್ಧ ಕೊಲ್ಲಾಪುರ. ಉಸುಕಿನಾಗ ಕುಂತು ಬಂದೆ."

ಮಿಲಿಂದ ನೆಲ ನೋಡುತ್ತ, "ಮದುವಿ ಆಗಿ ಹದಿನೈದು ವರ್ಷ ಆತ್ರಿ. ಆಕಿ ಏನೂ ಕೇಳಿಲ್ಲ. ಇದೊಂದು ಕೇಳ್ಯಾಳ," ಎಂದರು.

ಶಾಲೆಗೆ ಏಪ್ರಿಲ್ ಹತ್ತರ ನಂತರ ರಜೆ. ಅಂದರೆ ಏಪ್ರಿಲ್ ನಡುವಿನಲ್ಲಿ ಬೆಚ್ಚಗಿರುವ, ಅಲೆ ಕಡಿಮೆ ಇರುವ, ನಮ್ಮ ಕಡೆಯ ತಂಡಗಳು ಹೋಗದ ಕಡಲು ಬೇಕು. ಪಟಾಯಾ ಮೊದಲೇ ಬಿಟ್ಟಾಯಿತು. ಶ್ರೀಲಂಕಾದ ಪಶ್ಚಿಮ ದಂಡೆಗೆ ಆ ಹೊತ್ತಿಗೆ ಮಳೆ ಶುರುವಾಗುತ್ತದೆ. ಬಾಲಿಯಲ್ಲಿ ಅಲೆಗಳು ಜೋರು. ಮಾಲ್ಡೀವ್ಸ್ ಎಲ್ಲಕ್ಕಿಂತ ಸರಿ, ಆದರೆ ಇಬ್ಬರ ಸಂಬಳಕ್ಕೂ ನಿಲುಕುವಂತಿರಲಿಲ್ಲ. ಉಳಿದದ್ದು ಮಾರಿಷಸ್. ಅದು ಭೂಮಧ್ಯರೇಖೆಯ ಕೆಳಗಿನ ದ್ವೀಪ, ಅಲ್ಲಿ ಬೇಸಿಗೆ ಮುಗಿಯತೊಡಗುವುದು ಮಾರ್ಚಿನಲ್ಲಿ. ಏಪ್ರಿಲಿನಲ್ಲಿ ಚಂಡಮಾರುತಗಳ ಕಾಲ ಬಹುತೇಕ ಕಳೆದಿರುತ್ತದೆ, ಕಡಲು ಮಾತ್ರ ಬೇಸಿಗೆಯ ಕಾವನ್ನು ಇನ್ನೂ ಬಿಟ್ಟಿರುವುದಿಲ್ಲ. ದ್ವೀಪದ ಸುತ್ತ ಹವಳದ ಬಂಡೆಗಳ ಗೋಡೆಯಿದೆ. ದೊಡ್ಡ ಅಲೆಗಳು ಅಲ್ಲೇ ಒಡೆಯುತ್ತವೆ, ಒಳಗಿನ ನೀರು ಕೆರೆಯ ಹಾಗೆ ನಿಂತಿರುತ್ತದೆ. ಇದನ್ನು ಲಗೂನ್ ಎನ್ನುತ್ತಾರೆ. ವೀಸಾಕ್ಕೆ ಮುಂಬಯಿಗೆ ಓಡಾಡಬೇಕಿಲ್ಲ, ಇಳಿದ ಮೇಲೆ ವಿಮಾನ ನಿಲ್ದಾಣದಲ್ಲೇ ಮುದ್ರೆ ಒತ್ತುತ್ತಾರೆ. ಬಿಳಿಯಾದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಮಾತ್ರ ನೀರಿಗಿಳಿಯಬೇಕು ಎಂದು ಅವರ ಚರ್ಮದ ಡಾಕ್ಟರು ಹೇಳಿದ್ದನ್ನೂ ಬರೆದುಕೊಂಡೆ.

ಅವರಿಬ್ಬರೂ ಹುಬ್ಬಳ್ಳಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗಿ ಬಂದರು, ಮಾರ್ಚ್ ಮೊದಲ ವಾರದಲ್ಲಿ ಪಾಸ್‌ಪೋರ್ಟುಗಳು ಕೈಗೆ ಸಿಕ್ಕವು. ಎರಡು ಸೀಟು ಹೋಲ್ಡ್ ಮಾಡಿಸಿದೆ, ಅಂದರೆ ಹಣ ಕಟ್ಟದೆ ಮರುದಿನ ಸಂಜೆಯವರೆಗೆ ಕಾದಿರಿಸುವುದು. ನಾನೇ ನೋಡದ ಊರಿಗೆ ಅವರನ್ನು ಕಳಿಸಲು ಧೈರ್ಯ ಸಾಲದೆ, ದಂಡೆಯ ಮೇಲಿನ ಒಂದು ಸಣ್ಣ ಹೋಟೆಲಿಗೆ ನೇರವಾಗಿ ಫೋನ್ ಮಾಡಿದೆ. ಕಮಲಾ ಎಂಬ ಹೆಂಗಸು ಎತ್ತಿಕೊಂಡರು. ನನ್ನ ಹರುಕು ಇಂಗ್ಲಿಷಿನಲ್ಲಿ ನೀರಿನ ಆಳ, ಜನಸಂದಣಿ ಎಲ್ಲ ಕೇಳಿದೆ. ನಡುವೆ ಪಕ್ಕದ ಮೇಜಿನವರಿಗೆ ಮರಾಠಿಯಲ್ಲಿ ಏನೋ ಅಂದೆ. ಆ ಕಡೆಯಿಂದ, "ತುಮ್ಹೀ ಮರಾಠೀ ಬೋಲತಾ?" ಎಂದು ಕೇಳಿಸಿತು.

ಅವರ ಹಿರಿಯರು ನಾಲ್ಕೈದು ತಲೆಮಾರಿನ ಹಿಂದೆ ಕಬ್ಬಿನ ತೋಟದ ಕೂಲಿಗೆ ಕೊಂಕಣದಿಂದ ಹಡಗು ಹತ್ತಿದವರಂತೆ. ತಡವರಿಸುವ, ಹಳೆಯ ಮರಾಠಿ. ಬೇರೆ ಯಾವ ಗಿರಾಕಿಗಾದರೂ ನಾನು ಇದನ್ನು ಖುಷಿಯಿಂದ ಹೇಳುತ್ತಿದ್ದೆ. ಮಾಡಿದ್ದೇನು ಎಂದು ಹೊಳೆದದ್ದು ಫೋನ್ ಇಟ್ಟ ಮೇಲೆ. ಗುರುತಿನವರು ಬೇಡ ಎಂದವರಿಗೆ, ಅವರ ಮನೆಮಾತೇ ಆಡುವವರಿದ್ದ ಊರನ್ನು ಹುಡುಕಿಕೊಟ್ಟಿದ್ದೆ. ಹೇಳದೆ ಇರಬಹುದಿತ್ತು. ಹೇಳಿದರೆ ಪ್ರವಾಸವೇ ನಿಲ್ಲಬಹುದಿತ್ತು. ಬೇರೆ ಊರು ನೋಡಲು ಸಮಯ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಸುಜಾತಾ ಅವರಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ಅವರೂ ನಮ್ಮವರಂಗ ನೋಡತಾರೇನ್ರಿ?" ಎಂದರು.

"ಗೊತ್ತಿಲ್ರಿ. ನೀವು ಹೂಂ ಅಂದ್ರ, ಮೊದಲ ಅವರಿಗೆ ಹೇಳಿಡತೇನಿ."

"ಹೇಳಬ್ಯಾಡ್ರಿ." ಹಿಂದೆ ಶಾಲೆಯ ಗಂಟೆ ಕೇಳಿಸಿತು. "ಮೊದಲ ಹೇಳಿ ಹೋದ್ರ ಇಲ್ಲೇ ಇದ್ದಂಗ ಆತು. ನೋಡಿದ್ರ ನೋಡ್ಲಿ. ಟಿಕೀಟು ಮಾಡ್ರಿ."

ಏಪ್ರಿಲ್ ಎರಡನೇ ವಾರ ಹೊರಟರು. ಆರು ರಾತ್ರಿಗಳ ಪ್ರವಾಸ. ಮೂರನೇ ದಿನ ಮಧ್ಯಾಹ್ನ ಮಿಲಿಂದ ಅವರ ಫೋನ್ ಬಂತು. ರೂಮು ಚೆನ್ನಾಗಿದೆ, ಊಟಕ್ಕೆ ತೊಂದರೆಯಿಲ್ಲ ಎಂದು ಹೇಳಿ, ದನಿ ತಗ್ಗಿಸಿ, "ನೀರಿಗೆ ಇಳದಿಲ್ರಿ ಇನ್ನ. ಗಿಡದ ಬುಡಕ್ಕ ಕುಂದರತಾಳ. ನಾನೂ ಒತ್ತಾಯ ಮಾಡಿಲ್ಲ," ಎಂದರು. ಸರಿಯಾದ ತಿಂಗಳು, ಸರಿಯಾದ ದಂಡೆ ಎಲ್ಲ ಹುಡುಕಿದ್ದೆ. ಮುಂದಿನ ಹತ್ತು ಹೆಜ್ಜೆ ನನ್ನ ಕೈಯಲ್ಲಿ ಇರಲಿಲ್ಲ.

ಮರಳಿದ ಮರುವಾರ ಸುಜಾತಾ ಒಬ್ಬರೇ ಬಂದು ಉಳಿದದ್ದನ್ನು ಹೇಳಿದರು. ನಾಲ್ಕನೇ ದಿನ ಬೆಳಿಗ್ಗೆ ಕಮಲಾ, ತಮ್ಮ ರಜೆಯ ದಿನ, ಫ್ಲಾಸ್ಕಿನಲ್ಲಿ ಚಹಾ ತಂದು ಅದೇ ಗಿಡದ ಕೆಳಗೆ ಕೂತರಂತೆ. ಊರು ಯಾವುದು, ಹೊಳೆ ಇದೆಯೇ, ಕಬ್ಬು ಬೆಳೆಯುತ್ತಾರೆಯೇ ಎಂದೆಲ್ಲ ಕೇಳಿದರಂತೆ. ಕಪ್ಪು ಹಿಡಿಯಲು ಸುಜಾತಾ ಗವಸು ತೆಗೆಯಲೇಬೇಕಾಯಿತು. ಕಮಲಾ ಆ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, "ಹೇ ಕಧೀಪಾಸೂನ್?" ಎಂದರು. ಇದು ಯಾವಾಗಿನಿಂದ ಎಂದು, ಅಷ್ಟೇ.

"ಇಪ್ಪತ್ನಾಲ್ಕು ವರ್ಷದಾಗ ನನ್ನ ಮಾರಿ ನೋಡಿ ಯಾರೂ ಕೇಳಿದ್ದಿಲ್ರಿ," ಎಂದರು ಸುಜಾತಾ. "ನಮ್ಮವ್ವನ್ನ ಕೇಳ್ಯಾರ, ಇವರನ್ನ ಕೇಳ್ಯಾರ, ಸಾಲ್ಯಾಗ ಜೋಡೀ ಟೀಚರನ್ನ ಕೇಳ್ಯಾರ. ನನ್ನ ಕೇಳಿಲ್ಲ. ಎಲ್ಲಾ ಹೇಳಿದೆ. ಹೊಳಿ ಮೆಟ್ಟಲದ್ದೂ ಹೇಳಿದೆ. ಆಕಿ ಕೇಳಿಸ್ಕೊಂಡು, 'ಚಲಾ ಮಗ, ಊನ್ ವಾಢಾಯಚ್ಯಾ ಆಧೀ' ಅಂದ್ಳು."

ನಡೀರಿ ಹಾಗಾದರೆ, ಬಿಸಿಲು ಏರುವ ಮೊದಲು ಎಂದು.

ಕಮಲಾ ಸೀರೆಯಲ್ಲೇ ನೀರಿಗಿಳಿದರಂತೆ. ಹಿಂದೆ ಸುಜಾತಾ, ಅರ್ಧ ತೋಳಿನ ಕುಪ್ಪಸದಲ್ಲಿ. ಸೊಂಟದವರೆಗೆ ನೀರು ಬಂದಾಗ ಕಾಲು ತಾನಾಗಿಯೇ ನೆಲ ಬಿಟ್ಟಿತು. ಈಜು ಮರೆತಿರಲಿಲ್ಲ. ಈಜು ಬಾರದ ಮಿಲಿಂದ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಹೆಂಡತಿಯ ಚಪ್ಪಲಿ, ಇನ್ನೊಂದರಲ್ಲಿ ಗವಸು. "ಉಸುಕಿನ ಮ್ಯಾಲೆ ಇಟ್ಟಿದ್ರ ಆಗತಿತ್ತಲ್ರಿ," ಎಂದು ಸುಜಾತಾ ನಕ್ಕರು. "ಅಷ್ಟೂ ಹೊತ್ತು ಹಿಡಕೊಂಡ ನಿಂತಿದ್ರು."

ಉಳಿದ ದಿನಗಳಲ್ಲಿ ಬೆಳಿಗ್ಗೆಯೂ ಸಂಜೆಯೂ ನೀರಿಗಿಳಿದರಂತೆ. ಅಲ್ಲಿ ಯಾರೂ ನೋಡಲಿಲ್ಲವೇ ಎಂದು ಕೇಳಿದೆ.

"ನೋಡಿದ್ರಲ್ರಿ. ಮಂದಿ ಎಲ್ಲಾ ಕಡೆ ನೋಡತಾರ."

ಮುಂದಿನ ವರ್ಷ ಇನ್ನೂ ದೂರದ, ಇನ್ನೂ ನಿರ್ಜನವಾದ ಒಂದು ದಂಡೆ ಹುಡುಕಲೇ ಎಂದೆ. ಅವರು ತಲೆಯಾಡಿಸಿದರು. "ದೂರದ್ದು ಬ್ಯಾಡ್ರಿ. ನೀರು ಬೆಚ್ಚಗಿದ್ರ ಸಾಕು."

ಆ ಕಚೇರಿಯಲ್ಲಿ ನಾನು ಇನ್ನೂ ಆರು ವರ್ಷ ಇದ್ದೆ. ಮೊದಲೆಲ್ಲ ನಾನು ಗಿರಾಕಿಗಳಿಗೆ ಕೇಳುತ್ತಿದ್ದ ಪ್ರಶ್ನೆಗಳು ಎಷ್ಟು ಜನ, ಎಷ್ಟು ದಿನ, ಎಷ್ಟು ಬಜೆಟ್ ಎಂಬ ಮೂರೇ. ಸುಜಾತಾ ಅವರ ನಂತರ ಇನ್ನೊಂದನ್ನು ಸೇರಿಸಿಕೊಂಡೆ, ಅದೂ ಗಿರಾಕಿಯ ಮುಖ ನೋಡಿಯೇ ಕೇಳುತ್ತಿದ್ದೆ: "ಅಲ್ಲಿ ಹೋಗಿ ಏನು ಮಾಡಬೇಕಂತೀರಿ?" ಹೆಚ್ಚಿನವರು, "ಏನ್ ಮಾಡೂದ್ರಿ, ನೋಡಿ ಬರೂದು," ಎಂದು ನಗುತ್ತಿದ್ದರು. ಅವರಿಗೆ ದರಪಟ್ಟಿ ಕೊಡುತ್ತಿದ್ದೆ. ಅಪರೂಪಕ್ಕೆ ಯಾರೋ ಒಬ್ಬರು ಉತ್ತರ ಕೊಡದೆ ಮೇಜಿನ ಅಂಚನ್ನು ನೋಡುತ್ತ ಕೂತುಬಿಡುತ್ತಿದ್ದರು. ಆಗ ಬ್ರೋಶರುಗಳನ್ನು ಪಕ್ಕಕ್ಕೆ ಸರಿಸಿ, ಎರಡು ಚಹಾ ತರಿಸಿ, ನಾನೂ ಸುಮ್ಮನೆ ಕಾಯುತ್ತಿದ್ದೆ.